ಪ್ರಶ್ನೋತ್ತರ: ರಕ್ತ ಪರೀಕ್ಷೆ ಆಯುಷ್ಯ ಹೇಳುತ್ತದೆಯೇ?

ಚಿಕ್ಕಬಳ್ಳಾಪುರ ಜಿಲ್ಲೆಯ ಆರೋಗ್ಯ ಗುಂಪು. ಉತ್ತರಿಸುವವರು ಶ್ವಾಸಕೋಶ ತಜ್ಞೆ.

ಶಿಡ್ಲಘಟ್ಟ: ಮೇಡಂ, ನಮಸ್ಕಾರ. ತಂದೆಯವರಿಗೆ 64 ವರ್ಷ. ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಬೆರಳ ತುದಿಗಳು ಉಬ್ಬಿವೆ. ಸಿ.ಟಿ. ವರದಿಯಲ್ಲಿ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಕಲೆಗಟ್ಟಿ ಗಟ್ಟಿಯಾಗಿದೆ ಎಂದಿದೆ. ಮೆಡಿಕಲ್ ಅಂಗಡಿಯವರು ಕೊಟ್ಟ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ರಕ್ತದಲ್ಲಿ 52 ಜೀನ್ ನೋಡಿ ಎಷ್ಟು ವರ್ಷ ಬದುಕುತ್ತಾರೆಂದು ಹೇಳುತ್ತಾರಂತೆ. ಎಲ್ಲಿ ಮಾಡಿಸಬೇಕು?

ಬಾಗೇಪಲ್ಲಿ: 10 ಸೆಕೆಂಡು ಉಸಿರು ಹಿಡಿದರೆ ಫೈಬ್ರೋಸಿಸ್ ಇಲ್ಲವೆಂದು ಸಂದೇಶ ಬಂದಿದೆ. ಹಾಕಿದ್ದೇನೆ, ನೋಡಿ.

ವೈದ್ಯೆ: ಆ ಸಂದೇಶ ಸುಳ್ಳು. ಅಳಿಸಿ.
ಶಿಡ್ಲಘಟ್ಟದವರೇ, ನನಗೆ ಭಯ ಆ ಮಾತ್ರೆಯದು. ಒಮ್ಮೆಲೇ ನಿಲ್ಲಿಸಬೇಡಿ, ಮಾತ್ರೆಯನ್ನೂ ಸಿ.ಟಿ. ಫಿಲ್ಮನ್ನೂ ಹಿಡಿದು ನಾಳೆಯೇ ತಜ್ಞರನ್ನು ಕಾಣಿ. ಐಪಿಎಫ್, ಅಂದರೆ ಕಾರಣ ತಿಳಿಯದ ಫೈಬ್ರೋಸಿಸ್ ಇದ್ದವರಿಗೆ ಸ್ಟೀರಾಯ್ಡ್ ಜೊತೆ ಇನ್ನೆರಡು ಔಷಧ ಸೇರಿಸಿ ಕೊಟ್ಟ ಪ್ರಯೋಗದಲ್ಲಿ ಸಾವು ಹೆಚ್ಚಿತೆಂದು 2012ರಲ್ಲಿ ಪ್ರಕಟವಾಗಿದೆ. ಪಾರಿವಾಳ, ಬೂಷ್ಟು, ಧೂಳಿನ ಅಲರ್ಜಿಯಿಂದ ಬಂದದ್ದಾದರೆ ಅದೇ ಸ್ಟೀರಾಯ್ಡ್ ಉಪಕಾರ ಮಾಡಬಹುದು. ಆದ್ದರಿಂದ ಕಾರಣ ಹುಡುಕುವುದೇ ಮೊದಲ ಕೆಲಸ.
52 ಜೀನ್ ವಿಷಯ ನಿಜ. ರಕ್ತಕಣಗಳಲ್ಲಿ ಆ ಜೀನ್‌ಗಳ ಚಟುವಟಿಕೆ ಅಳೆದು ಐಪಿಎಫ್ ರೋಗಿಗಳನ್ನು ಹೆಚ್ಚು ಅಪಾಯದವರು, ಕಡಿಮೆ ಅಪಾಯದವರು ಎಂದು ವಿಂಗಡಿಸಬಹುದೆಂದು 2017ರ ಅಧ್ಯಯನ ತೋರಿಸಿತು. ಎಂಎಂಪಿ-7 ಪ್ರೋಟೀನ್, ಟೆಲೋಮಿಯರ್ (ವರ್ಣತಂತುವಿನ ತುದಿ) ಉದ್ದ ಕೂಡ ಇಂತಹವೇ. ಇವು ಗುಂಪಿನ ಅಪಾಯ ಹೇಳುತ್ತವೆ, ನಿಮ್ಮ ತಂದೆಯ ವರ್ಷಗಳನ್ನಲ್ಲ. ನಿತ್ಯದ ಚಿಕಿತ್ಸೆಯಲ್ಲಿ ನಾವು ನೋಡುವುದು ವಯಸ್ಸು, ಲಿಂಗ, ಎಫ್‌ವಿಸಿ (ಪೂರ್ತಿ ಉಸಿರೆಳೆದು ಬಲವಾಗಿ ಹೊರಬಿಡುವ ಗಾಳಿಯ ಪ್ರಮಾಣ), ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ). ಈ ನಾಲ್ಕು ಸೇರಿಸಿ ಅಪಾಯ ಅಂದಾಜಿಸುವ ಗ್ಯಾಪ್ ಸೂಚ್ಯಂಕ 2012ರಿಂದ ಇದೆ. ಐಪಿಎಫ್ ಆದರೆ ಪಿರ್ಫೆನಿಡೋನ್ ಅಥವಾ ನಿಂಟೆಡಾನಿಬ್ ಔಷಧ ಕಾಯಿಲೆಯ ವೇಗ ತಗ್ಗಿಸುತ್ತದೆ.
ಮನೆಯಲ್ಲಿ ಪಾರಿವಾಳ ಇವೆಯೇ? ನಡೆದ ಮೇಲೆ ಆಮ್ಲಜನಕ ಎಷ್ಟು?

ಗೌರಿಬಿದನೂರು: ಅಮ್ಮನಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ. ಈ ಜೀನ್ ಪರೀಕ್ಷೆ ಮಾಡಿಸಲೇ?

ವೈದ್ಯೆ: ಬೇಡ. ಸಾಮಾನ್ಯ ರಕ್ತ ಪರೀಕ್ಷೆಯ ಇಯೋಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಸಂಖ್ಯೆ ಕಳುಹಿಸಿ. ಪ್ರತಿ ಮೈಕ್ರೋಲೀಟರ್‌ಗೆ 300 ದಾಟಿದ್ದರೆ ಸ್ಟೀರಾಯ್ಡ್ ಇನ್‌ಹೇಲರ್ ಫಲ ಕೊಡುವ ಸಂಭವ ಹೆಚ್ಚು.

ಚಿಂತಾಮಣಿ: 52 ಜೀನ್ ಪರೀಕ್ಷೆಗೆ ಖರ್ಚೆಷ್ಟು? ನನ್ನ ಎಕ್ಸ್‌ರೇ ಕೂಡ ಹಾಕಿದ್ದೇನೆ.

ವೈದ್ಯೆ: ಮೇಲೆ ಬರೆದದ್ದನ್ನು ಓದಿ.

ಬಾಗೇಪಲ್ಲಿ: ನಮ್ಮ ತಾತನ ಕಾಲದಿಂದ ಪಾರಿವಾಳ ಸಾಕಿದ್ದೇವೆ, ಯಾರಿಗೂ ಏನೂ ಆಗಿಲ್ಲ. ರೇಷ್ಮೆ ಕೆಲಸದ ಹೊಗೆಯೇ ಕಾರಣ.

ವಿಜಯಪುರ ರಸ್ತೆ: ರೇಷ್ಮೆಯ ಮೇಲೆ ಗೂಬೆ ಕೂರಿಸಬೇಡಿ. ಸಾವಿರಾರು ಮನೆಗಳ ಅನ್ನ ಅದು. ಬೀಡಿ ಸೇದಿರುತ್ತಾರೆ.

ಶಿಡ್ಲಘಟ್ಟ: ನಮ್ಮ ತಂದೆ ಬೀಡಿ ಮುಟ್ಟಿದವರಲ್ಲ. ತಿಳಿಯದೆ ಮಾತನಾಡಬೇಡಿ.

ವಿಜಯಪುರ ರಸ್ತೆ: ಹಾಗಾದರೆ ಗುಂಪಿನಲ್ಲಿ ಯಾಕೆ ಕೇಳಿದಿರಿ?

ವೈದ್ಯೆ: ಇಬ್ಬರೂ ನಿಲ್ಲಿಸಿ. ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಶಿಡ್ಲಘಟ್ಟ: ಮಾಳಿಗೆಯಲ್ಲಿ ಪಾರಿವಾಳ ಇವೆ ಮೇಡಂ. ಅಂಗಳದಲ್ಲಿ ನಡೆಸಿದಾಗ ಆಮ್ಲಜನಕ ಶೇ. 84.

ವೈದ್ಯೆ: ನಾಳೆ ಅಲ್ಲ, ಈಗಲೇ ಆಸ್ಪತ್ರೆಗೆ ಹೊರಡಿ. ಅಲ್ಲಿಗೆ ಮುಟ್ಟಿದ ಕೂಡಲೇ ನನಗೆ ಕರೆ ಮಾಡಿ.

ಬಾಗೇಪಲ್ಲಿ: ದಾರಿಯಲ್ಲಿ ಕರ್ಪೂರ, ಓಮದ ಗಂಟು ಮೂಸಿಸಿದರೆ ಆಮ್ಲಜನಕ ಏರುತ್ತದಂತೆ.

ವೈದ್ಯೆ: ಏರುವುದಿಲ್ಲ. ಇನ್ನೊಮ್ಮೆ ಇಂತಹದ್ದು ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ.

ಚಿಂತಾಮಣಿ: ಮೇಡಂ, ನನ್ನ ಎಕ್ಸ್‌ರೇ?