ಸಬ್‌ರುಟೀನ್ ಬದಲು ಪ್ರೊಸೀಜರ್ ಹಾಕಿದೆ, ಒಟ್ಟು ಕಡಿತ ತಪ್ಪು ಬರುತ್ತಿದೆ

ಪ್ರಶ್ನೆ (ಮಂಡ್ಯ)
ನಮಸ್ಕಾರ. ಇಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಐಬಿಎಂ ಐ ಎಂಬ ಸರ್ವರ್ ವ್ಯವಸ್ಥೆಯ ಮೇಲೆ ಆರ್‌ಪಿಜಿ ಎಂಬ ಪ್ರೋಗ್ರಾಮಿಂಗ್ ಭಾಷೆ. ಹಳೇ ಕೋಡ್ ತುಂಬಾ ಎಕ್ಸ್‌ಎಸ್‌ಆರ್ (ಸಬ್‌ರುಟೀನ್ ಓಡಿಸುವ ಆದೇಶ). ಕಟಾವು, ಸಾಗಣೆ ಮುಂಗಡದ ಕಡಿತ ಕೂಡಿಸುವ ಸಬ್‌ರುಟೀನನ್ನು (ಹೊರಗಿನ ವೇರಿಯಬಲ್‌ಗಳನ್ನೇ ಬಳಸುವ ಕೋಡಿನ ತುಂಡು) ಪ್ರೊಸೀಜರ್ (ತನ್ನದೇ ವೇರಿಯಬಲ್ ಇಟ್ಟುಕೊಳ್ಳಬಲ್ಲ ತುಂಡು) ಮಾಡಿದೆ. ಒಟ್ಟು ಹಿಡಿಯುವ ವೇರಿಯಬಲನ್ನೂ ಒಳಗೇ ತಂದೆ. ಒಬ್ಬೊಬ್ಬ ರೈತರ ಕಡಿತ ಕೊಟ್ಟರೆ ಅಲ್ಲಿಯವರೆಗಿನ ಒಟ್ಟು ವಾಪಸ್ ಬರಬೇಕು. 1,200, 800, 500 ಕೊಟ್ಟು ನೋಡಿದೆ. 2,500 ಬರಬೇಕಿತ್ತು, 500 ಬರುತ್ತಿದೆ. ಡೀಫಾಲ್ಟ್ ಆಕ್ಟಿವೇಶನ್ ಗ್ರೂಪಿಗೆ (ಪ್ರೋಗ್ರಾಂ ತನ್ನ ಮೆಮೊರಿ ಇಟ್ಟುಕೊಂಡು ಓಡುವ ಜಾಗ) ನೋ ಕೊಟ್ಟಿದ್ದೇನೆ, ಕಂಪೈಲ್ ಸುಸೂತ್ರ.

ಉತ್ತರ 1
ಪ್ರೊಸೀಜರ್ ಒಳಗಿನ ವೇರಿಯಬಲ್ ಪ್ರತಿ ಸಲ ಕರೆದಾಗಲೂ ಸೊನ್ನೆಯಿಂದ ಶುರುವಾಗುತ್ತದೆ. ಅದನ್ನು ಘೋಷಿಸುವ ಡಿಸಿಎಲ್-ಎಸ್ ಸಾಲಿಗೆ ಸ್ಟ್ಯಾಟಿಕ್ ಸೇರಿಸಿ, ಆಗ ಬೆಲೆ ಮುಂದಿನ ಕರೆಗೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು
ಸೇರಿಸಿದೆ ಸರ್, 2,500 ಬಂತು. ಆದರೆ ಸೈನ್‌ಆಫ್ ಮಾಡದೆ ಇನ್ನೊಂದು ಊರಿನ ಬಿಲ್ ಓಡಿಸಿದರೆ ಲೆಕ್ಕ 2,500ರಿಂದಲೇ ಶುರು! ಪ್ರೋಗ್ರಾಂ ಎಲ್‌ಆರ್ (ಕೆಲಸ ಪೂರ್ತಿ ಮುಗಿಯಿತು ಅನ್ನುವ ಸೂಚಕ) ಆನ್ ಆಗಿಯೇ ಮುಗಿಯುತ್ತದೆ ಅಲ್ವಾ?

ಉತ್ತರ 2 (ಮೈಸೂರು)
ಎಲ್‌ಆರ್ ಆನ್ ಆದರೆ ಮುಂದಿನ ಸಲ ಹೊರಗಿನ ಗ್ಲೋಬಲ್ ವೇರಿಯಬಲ್‌ಗಳು ಮಾತ್ರ ಮೊದಲಿನ ಬೆಲೆಗೆ ಬರುತ್ತವೆ. ಪ್ರೊಸೀಜರ್ ಒಳಗಿನ ಸ್ಟ್ಯಾಟಿಕ್‌ಗೆ ಅದು ತಟ್ಟುವುದೇ ಇಲ್ಲ. ಆಕ್ಟಿವೇಶನ್ ಗ್ರೂಪ್ ಇರುವ ತನಕ ಹಳೇ ಬೆಲೆ ಹಾಗೇ ಉಳಿಯುತ್ತದೆ. ಅದಕ್ಕೇ ಸೈನ್‌ಆಫ್ ಮಾಡಿ ಬಂದರೆ ಸರಿ ಕಾಣುತ್ತದೆ. ರೈತರ ದುಡ್ಡಿನ ಲೆಕ್ಕಕ್ಕೆ ಇದು ಬೇಡವೇ ಬೇಡ, ದಯವಿಟ್ಟು ಸ್ಟ್ಯಾಟಿಕ್ ತೆಗೆಯಿರಿ.

ಕೂಡುವ ಕೆಲಸ ಕರೆಯುವವರ ಲೂಪಿನಲ್ಲೇ ಇರಲಿ. ಟನ್, ದರ, ಮುಂಗಡ ಕೊಟ್ಟರೆ ಒಬ್ಬ ರೈತನ ಕಡಿತ ಲೆಕ್ಕ ಹಾಕಿ ರಿಟರ್ನ್ ಮಾಡುವುದಷ್ಟೇ ಪ್ರೊಸೀಜರ್ ಕೆಲಸ. ಆಗ ಅದನ್ನು ಒಂದೇ ರೈತನ ಅಂಕಿ ಕೊಟ್ಟು ಬೇರೆಯಾಗಿ ಪರೀಕ್ಷೆ ಮಾಡಬಹುದು. ಸಬ್‌ರುಟೀನ್ ಬಿಟ್ಟು ಬರುವುದೇ ಈ ಅನುಕೂಲಕ್ಕೆ. ಏನು ಒಳಗೆ ಹೋಗುತ್ತದೆ, ಏನು ಹೊರಗೆ ಬರುತ್ತದೆ ಅನ್ನುವುದು ಪ್ರೊಸೀಜರಿನ ಪ್ಯಾರಾಮೀಟರ್‌ಗಳನ್ನು ಬರೆಯುವ ಡಿಸಿಎಲ್-ಪಿಐ ನೋಡಿದರೇ ಗೊತ್ತಾಗಬೇಕು.

ಪ್ಯಾರಾಮೀಟರ್‌ಗಳಿಗೆ ಕಾನ್ಸ್ಟ್ (ಒಳಗೆ ಬದಲಾಯಿಸುವಂತಿಲ್ಲ ಅನ್ನುವ ಗುರುತು) ಹಾಕುವುದನ್ನು ಮರೆಯಬೇಡಿ. ಸುಮ್ನೆ ಬಿಟ್ಟರೆ ರೆಫರೆನ್ಸ್ ಮೇಲೆ ಹೋಗುತ್ತವೆ. ಒಳಗೆ ಬದಲಾದದ್ದು ಹೊರಗಿನ ವೇರಿಯಬಲ್‌ನಲ್ಲೂ ಬದಲಾಗುತ್ತದೆ.

ಹಳೇ ಕೋಡ್‌ನಲ್ಲಿ ಲೀವ್‌ಎಸ್‌ಆರ್ (ಸಬ್‌ರುಟೀನಿನಿಂದ ಹೊರಬರುವ ಆದೇಶ) ಇದ್ದ ಕಡೆ ರಿಟರ್ನ್ ಬರೆಯಿರಿ. ಇನ್ನೊಂದು, ಮುಖ್ಯ ಭಾಗದ ಸಬ್‌ರುಟೀನನ್ನು ಪ್ರೊಸೀಜರ್ ಒಳಗಿಂದ ಎಕ್ಸ್‌ಎಸ್‌ಆರ್ ಮಾಡಲು ಆಗುವುದಿಲ್ಲ. ಹಾಗಾಗಿ ಬೇರೆ ಯಾವುದನ್ನೂ ಕರೆಯದ ಸಬ್‌ರುಟೀನ್‌ಗಳನ್ನು ಮೊದಲು ಬದಲಾಯಿಸಿ, ಆಮೇಲೆ ಅವನ್ನು ಕರೆಯುವವು.

ಪ್ರಶ್ನೆ ಕೇಳಿದವರು
ಒಟ್ಟನ್ನು ಲೂಪಿಗೆ ತಂದೆ, ಕಾನ್ಸ್ಟ್ ಹಾಕಿದೆ. ಒಂದೇ ಸೈನ್‌ಆನ್‌ನಲ್ಲಿ ಎರಡೂ ಊರಿನ ಒಟ್ಟು ಸರಿ ಬಂತು. ಬಹಳ ಉಪಕಾರವಾಯಿತು ಸರ್. ಬಿಲ್ ಪ್ರಿಂಟ್ ಮಾಡುವ ಸಬ್‌ರುಟೀನ್ ಇನ್ನೂ ನಾಲ್ಕೈದನ್ನು ಕರೆಯುತ್ತದೆ, ಅದನ್ನು ಸದ್ಯಕ್ಕೆ ಮುಟ್ಟುವುದಿಲ್ಲ.