ಅಪ್‌ಡೇಟ್: ಹಾಯಿದೋಣಿಯ ಹಳೇ ಡೀಸೆಲ್ ಎಂಜಿನ್ ಈಗ ಸ್ಟಾರ್ಟ್ ಆಗುತ್ತಿದೆ

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಿಲ್ಲಿಸಿರುವ ನಮ್ಮ ಹಾಯಿದೋಣಿಯಲ್ಲಿ ಕೀ ತಿರುಗಿಸಿದರೆ ಬರೀ ಟಕ್ ಅನ್ನುತ್ತೆ, ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು ತಿರುಗೋದೇ ಇಲ್ಲ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ಬ್ಯಾಟರಿ ಬದಲಿಸಿ ಅಂದವರೇ ಜಾಸ್ತಿ. ಆದರೆ ಮೀಟರ್ ಇಟ್ಟು ನೋಡಿದರೆ ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ, ಕೀ ತಿರುಗಿಸಿ ಹಿಡಿದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್, ಅಂದರೆ ಸೊಲೆನಾಯ್ಡ್‌ನ ಸಣ್ಣ ವೈರಿಗೆ ಮಾತ್ರ 8 ವೋಲ್ಟೂ ಬರುತ್ತಿಲ್ಲ. ಕಾಕ್‌ಪಿಟ್‌ನ ಕೀವರೆಗೂ ಹೋಗಿ ವಾಪಸ್ ಬರುವ ಉದ್ದದ ವೈರು ಅದು, ಮಧ್ಯದ ಪ್ಲಗ್ ಬಿಚ್ಚಿದರೆ ಪಿನ್ನುಗಳಿಗೆಲ್ಲ ಹಸಿರು ಕಿಲುಬು. ಉಪ್ಪು ಗಾಳಿ, ಇನ್ನೇನಾಗುತ್ತೆ! ಪಿನ್ ಉಜ್ಜಿ, ಸ್ಟಾರ್ಟರ್ ಪಕ್ಕದಲ್ಲೇ ಕಾರಿನ ರಿಲೇ (ಸಣ್ಣ ಕರೆಂಟು ಸಿಕ್ಕರೆ ಸಾಕು, ದೊಡ್ಡ ಕರೆಂಟು ಬಿಡುವ ಸ್ವಿಚ್) ಒಂದನ್ನು ಕೂರಿಸಿ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರು ಕೊಟ್ಟೆ. ಈಗ ಕೀ ತಿರುಗಿಸಿದರೆ ಸಾಕು, ಗಿರ್ ಅಂತ ಎದ್ದುಬಿಡುತ್ತೆ. ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಇನ್ನೂ ಇದೆ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿಸಬೇಕು.