ಚೆಂಗ್ಡುವಿನ ಪಾರ್ಕಿನಲ್ಲಿ ಮುಚ್ಚಳದ ಚಹಾ ಸರಿ, ಕಿವಿಯನ್ನೂ ಕೊಡಬೇಕೆ?

ಹೊರಟವರು_3: ಚೀನಾದ ಚೆಂಗ್ಡುವಿನಲ್ಲಿ ಪೀಪಲ್ಸ್ ಪಾರ್ಕ್‌ಗೆಂದು ಒಂದು ಬೆಳಗ್ಗೆ ಇಟ್ಟುಕೊಂಡಿದ್ದೇವೆ. ಜೊತೆಗೆ ಅಪ್ಪ-ಅಮ್ಮ ಇರುತ್ತಾರೆ, ಅಪ್ಪನಿಗೆ ಸಕ್ಕರೆ ಕಾಯಿಲೆ. ಬಿದಿರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುವುದು, ಅಲ್ಲೇ ಕಿವಿ ಸ್ವಚ್ಛ ಮಾಡಿಸಿಕೊಳ್ಳುವುದು ಅಲ್ಲಿನ ರೂಢಿ ಅಂತಾರೆ. ಹೇಗೆ ನಡೆದುಕೊಳ್ಳಬೇಕು? ಕಿವಿಯದ್ದು ಮಾಡಿಸಬಹುದಾ?

ಎಲೆಚಹಾ: ಮೊದಲು ಚಹಾ. ಮೆಟ್ರೋ 2ನೇ ಲೈನಿನಲ್ಲಿ ಪಾರ್ಕಿನ ಹೆಸರಿನದೇ ಸ್ಟೇಷನ್ ಇದೆ. ಪಾರ್ಕ್ ಶುರುವಾದದ್ದು 1911ರಲ್ಲಿ, ಒಳಗಿನ ಹೆಮಿಂಗ್ ಚಹಾ ಅಂಗಡಿ 1923ರದ್ದು. ವಾರಾಂತ್ಯ ಬೇಡ. ವಾರದ ದಿನ ಬೆಳಗ್ಗೆ ಹತ್ತರೊಳಗೆ ಹೋದರೆ ಕೊಳದ ಕಡೆ ಕುರ್ಚಿ ಸಿಗುತ್ತದೆ. ಅಲ್ಲಿ ಜಾಗಕ್ಕೆ ಬಾಡಿಗೆ ಇಲ್ಲ, ಚಹಾ ಕೊಂಡವರಿಗೆ ಕುರ್ಚಿ. ಹಾಗಾಗಿ ತಲೆಗೊಂದು ಬಟ್ಟಲು ತಗೊಳ್ಳಿ. ಮೂವರಿಗೆ ಒಂದೇ ಬಟ್ಟಲು ತಗೊಂಡು ನಾಲ್ಕು ಗಂಟೆ ಕೂರುವುದು ಸರಿಯಲ್ಲ.

ಬಟ್ಟಲಿಗೆ ಗೈವಾನ್ ಅಂತಾರೆ. ತಟ್ಟೆ, ಬಟ್ಟಲು, ಮುಚ್ಚಳ, ಹೀಗೆ ಮೂರು ಭಾಗ. ಮುಚ್ಚಳ ಆಕಾಶ, ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ ಎಂದು ಅಲ್ಲಿಯವರ ಮಾತು. ಬಟ್ಟಲಿಗೆ ಹಿಡಿ ಇಲ್ಲ. ಬಾಯಂಚು ಹಿಡಿದರೆ ಬೆರಳು ಸುಡುತ್ತದೆ, ಆದ್ದರಿಂದ ತಟ್ಟೆ ಸಮೇತ ಎತ್ತಬೇಕು. ಇನ್ನೊಂದು ಕೈಯಲ್ಲಿ ಮುಚ್ಚಳವನ್ನು ನೀರಿನ ಮೇಲೆ ಒಮ್ಮೆ ಸವರಿ ತೇಲುವ ಎಲೆಯನ್ನು ಆಚೆ ತಳ್ಳಿ, ಸ್ವಲ್ಪವೇ ಓರೆ ಮಾಡಿ, ಆ ಸಂದಿನಿಂದ ಕುಡಿಯಬೇಕು. ಮುಚ್ಚಳವೇ ಸೋಸುವ ಜಾಲರಿ.

ತಪ್ಪಾಗುವುದು ಇಲ್ಲಿ: ನಾವು ಕಾಫಿ ಲೋಟದಂತೆ ತಳದವರೆಗೂ ಕುಡಿದುಬಿಡುತ್ತೇವೆ. ಮೂರರಲ್ಲಿ ಒಂದು ಪಾಲು ನೀರು ಉಳಿಸಿ, ಅದರ ಮೇಲೆ ಬಿಸಿನೀರು ಹಾಕಿಸಿಕೊಳ್ಳಿ. ಪೂರ್ತಿ ಬರಿದು ಮಾಡಿದರೆ ಎರಡನೇ ಸುತ್ತೇ ಸಪ್ಪೆ. ಹೀಗೆ ಉಳಿಸಿಕೊಂಡರೆ ಮೂರು-ನಾಲ್ಕು ಸುತ್ತು ರುಚಿ ನಿಲ್ಲುತ್ತದೆ, ನೀರಿಗೆ ಬೇರೆ ದುಡ್ಡಿಲ್ಲ. ಹಾಲು-ಸಕ್ಕರೆ ಹಾಕುವುದಿಲ್ಲ, ಅಪ್ಪನವರಿಗೆ ಅನುಕೂಲವೇ.

ಕುಂದಾಪ್ರ_ಕಡೆ: ಅಮ್ಮನಿಗೆ ಮಲ್ಲಿಗೆ ಚಹಾನೇ ಕೊಡಿಸಿ. ಚೀನೀಯರ ‘ಮೋಲಿ’ ಅನ್ನುವ ಪದ ಸಂಸ್ಕೃತದ ಮಲ್ಲಿಕಾದಿಂದ ಹೋದದ್ದು, ನಮ್ಮ ಮಲ್ಲಿಗೆಯ ನಂಟು. ಹೂವಿನ ಜಾತಿಯೂ ಶಂಕರಪುರದ ಮಲ್ಲಿಗೆಯದೇ, ಜಾಸ್ಮಿನಮ್ ಸಂಬಾಕ್. ಸಂಜೆ ಬಿರಿಯುವ ಮೊಗ್ಗನ್ನು ಎಲೆಯ ಜೊತೆ ರಾತ್ರಿಯಿಡೀ ಬೆರೆಸಿಟ್ಟು, ಬೆಳಗ್ಗೆ ಹೂವನ್ನು ಜರಡಿ ಹಿಡಿದು ತೆಗೆಯುತ್ತಾರೆ. ಒಳ್ಳೆಯ ಮಾಲಿಗೆ ಇದನ್ನೇ ಹಲವು ಸಲ ಮಾಡುತ್ತಾರೆ. ಅದಕ್ಕೇ ಬಟ್ಟಲಲ್ಲಿ ಹೂವು ಕಾಣದಿದ್ದರೂ ಘಮ ಇರುತ್ತದೆ. ಸಿಚುವಾನಿನ ‘ಬಿತಾನ್ ಪ್ಯಾವ್‌ಶ್ವೆ’ ಎಂಬ ಬಗೆಯಲ್ಲಿ ಮಾತ್ರ ಬಿಳಿ ಎಸಳು ಬಿಟ್ಟಿರುತ್ತಾರೆ, ಹಸಿರು ನೀರಿನ ಮೇಲೆ ಹಿಮದಂತೆ ತೇಲುತ್ತದೆ. ಹೆಸರಿನ ಅರ್ಥವೂ ಅದೇ.

ದಾರಿಹೋಕ: ಚಹಾ ಹಾಕಿದಾಗ ಟೇಬಲ್ ಮೇಲೆ ಎರಡು ಬೆರಳು ತಟ್ಟಿ ಥ್ಯಾಂಕ್ಸ್ ಹೇಳಬೇಕು. ಇಲ್ಲದಿದ್ದರೆ ಅವಮಾನ ಅಂದುಕೊಳ್ಳುತ್ತಾರೆ.

ಎಲೆಚಹಾ: ಅದು ಮುಖ್ಯವಾಗಿ ಗ್ವಾಂಗ್‌ಡಾಂಗ್, ಹಾಂಕಾಂಗ್ ಕಡೆಯ ರೂಢಿ ಸರ್. ಚೆಂಗ್ಡುವಿನ ಪಾರ್ಕಿನಲ್ಲಿ ಮಾಡದಿದ್ದರೆ ಯಾರೂ ಬೇಸರಪಡುವುದಿಲ್ಲ. ಅಲ್ಲಿ ಮಾತಾಡುವುದು ಮುಚ್ಚಳ. ತಟ್ಟೆಗೆ ಒರಗಿಸಿಟ್ಟರೆ ನೀರು ಬೇಕು ಎಂದು. ಮಗುಚಿ ಬಟ್ಟಲೊಳಗೆ ಹಾಕಿದರೆ ಮುಗಿಯಿತು, ತೆಗೆದುಕೊಂಡು ಹೋಗಿ ಎಂದು. ಹೊಸಬರು ತಿಳಿಯದೆ ಹೀಗೆ ಮಗುಚಿಟ್ಟು ನಡೆದಾಡಲು ಹೋಗುತ್ತಾರೆ, ವಾಪಸು ಬರುವಷ್ಟರಲ್ಲಿ ಬಟ್ಟಲೂ ಇಲ್ಲ, ಕುರ್ಚಿಯೂ ಇಲ್ಲ. ಗೊಂದಲವಾದರೆ ‘ಜ್ಯಾ ಶ್ವೇ’ ಅನ್ನಿ, ನೀರು ಹಾಕಿ ಎಂದರ್ಥ.

ದಾರಿಹೋಕ: ಸರಿ, ಬೆರಳು ತಟ್ಟುವ ಮಾತು ಹಿಂದೆ ತಗೊಂಡೆ. ಆದರೆ ಕಿವಿಯದ್ದು ಬಿಡಬೇಡಿ. ಕಿವಿ ಸ್ವಚ್ಛ ಮಾಡುವುದಕ್ಕೆ ಅಲ್ಲಿ ‘ತ್ಸಾಯ್ ಅರ್’ ಅಂತಾರೆ, ಅದಿಲ್ಲದೆ ಆ ಪಾರ್ಕಿನ ಬೆಳಗ್ಗೆ ಅರ್ಧವೇ. ತಲೆಗೆ ದೀಪ ಕಟ್ಟಿಕೊಂಡವರು ಉದ್ದನೆಯ ಉಕ್ಕಿನ ಚಿಮಟವನ್ನು ಕಂಬಿಯಿಂದ ಮೀಟಿ ‘ಝಿಂಯ್’ ಎನ್ನಿಸುತ್ತಾ ಕುರ್ಚಿಗಳ ನಡುವೆ ಬರುತ್ತಾರೆ. ಸಣ್ಣ ಚಮಚ, ಇಕ್ಕಳ, ಹೆಬ್ಬಾತಿನ ಗರಿ, ಎಲ್ಲ ಕೈಯಲ್ಲೇ. ಕೊನೆಗೆ ಗರಿಯನ್ನು ಕಿವಿಯಲ್ಲಿಟ್ಟು ಅದರ ಕಡ್ಡಿಗೆ ಚಿಮಟದ ಕಂಪನ ಮುಟ್ಟಿಸುತ್ತಾರೆ. ಆ ಸುಖಕ್ಕಾಗಿಯೇ ಊರಿನವರು ಬಂದು ಕೂರುವುದು. ಪೀಳಿಗೆಗಳಿಂದ ಬಂದ ಕಸುಬು, ಅದಕ್ಕೆ ಮರ್ಯಾದೆ ಕೊಡೋಣ.

ಕಿವಿಮಾತು_ಇಎನ್‌ಟಿ: ಕಸುಬಿಗೆ ಮರ್ಯಾದೆ ಇರಲಿ, ಆದರೂ ಸಕ್ಕರೆ ಕಾಯಿಲೆ ಇರುವ ತಂದೆಗೆ ಬೇಡವೇ ಬೇಡ. ಕಾರಣ ಹೇಳುತ್ತೇನೆ.

ಕಿವಿಯ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂ.ಮೀ. ಗುಗ್ಗೆ ಹುಟ್ಟುವುದು ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಅದರ ಒಳಗೆ ಚರ್ಮ ಕಾಗದದಷ್ಟು ತೆಳು, ನೇರ ಮೂಳೆಗೆ ಅಂಟಿಕೊಂಡಿದೆ. ಅಲ್ಲಿ ಚಮಚ ತಾಗಿದರೆ ಗೀರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಆ ಗೀರು ಸೋಂಕಾಗಿ ಮೂಳೆಗೇ ಇಳಿಯುವ ಅಪಾಯ ಉಂಟು. ಇನ್ನೊಂದು, ನಾಳದ ಗೋಡೆಯಲ್ಲಿ ವೇಗಸ್ ನರದ ಕವಲಿದೆ. ಅದನ್ನು ಮುಟ್ಟಿದರೆ ಕೆಲವರಿಗೆ ಥಟ್ಟನೆ ಕೆಮ್ಮು ಬರುತ್ತದೆ. ಉಪಕರಣ ಒಳಗಿರುವಾಗ ತಲೆ ಅಲುಗಿದರೆ ತಮಟೆಗೆ ತೂತು. ಕೈ ಎಷ್ಟೇ ಪಳಗಿದ್ದರೂ ಆ ಕೆಮ್ಮನ್ನು ತಡೆಯಲಾಗದು.

ಮೂರನೆಯದನ್ನು ಪ್ರವಾಸದ ಬರಹಗಳಲ್ಲಿ ಯಾರೂ ಹೇಳುವುದಿಲ್ಲ. ಗುಗ್ಗೆಯಲ್ಲಿ ಒಣ ಮತ್ತು ಅಂಟು ಎಂದು ಎರಡು ಬಗೆ. ಎಬಿಸಿಸಿ11 ಎಂಬ ಜೀನು ಅದನ್ನು ನಿರ್ಧರಿಸುತ್ತದೆ ಎಂದು 2006ರಲ್ಲಿ ಗೊತ್ತಾಯಿತು. ಚೀನಾ, ಜಪಾನ್, ಕೊರಿಯಾದಲ್ಲಿ ಬಹುಪಾಲು ಜನರದ್ದು ಒಣ ಹೊಟ್ಟಿನಂಥದ್ದು, ಚಮಚಕ್ಕೆ ಸಲೀಸಾಗಿ ಬರುತ್ತದೆ. ಅವರ ಉಪಕರಣ, ಕೈಚಳಕ ಎರಡೂ ಅದಕ್ಕೆ ಒಗ್ಗಿದವು. ನಮ್ಮಲ್ಲಿ ಜೇನಿನಂತೆ ಅಂಟುವ ಬಗೆ ಧಾರಾಳ. ಅದನ್ನು ಕೆರೆದರೆ ಸ್ವಲ್ಪ ಬರುತ್ತದೆ, ಮಿಕ್ಕದ್ದು ಒಳಗೆ ಒತ್ತಿಕೊಳ್ಳುತ್ತದೆ. ಮರುದಿನ ಕಿವಿ ಮಂಕು.

ದಾರಿಹೋಕ: ಉಪಕರಣವನ್ನು ಎದುರಿಗೇ ಸ್ಪಿರಿಟ್‌ನಲ್ಲಿ ಒರೆಸುತ್ತಾರಲ್ಲ ಡಾಕ್ಟ್ರೇ? ಒಂದೇ ಸಲದ ಕಿಟ್ ತರುವವರೂ ಇದ್ದಾರೆ.

ಕಿವಿಮಾತು_ಇಎನ್‌ಟಿ: ಲೋಹವನ್ನು ಒರೆಸುವುದು ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಕ್ರಿಮಿಶುದ್ಧಿ ಅಲ್ಲ. ಗರಿಯಂತೂ ಎಳೆ ಎಳೆಯಾದ ವಸ್ತು, ಒರೆಸಿ ಶುದ್ಧ ಮಾಡಲು ಬರುವುದಿಲ್ಲ. ಕಿವಿಯ ಬೂಷ್ಟು ಹರಡಲು ಅದು ಸಾಕು. ಹೊಸ ಕಿಟ್ ಎದುರಿಗೆ ಬಿಚ್ಚಿದರೆ ಸೋಂಕಿನ ಮಾತು ಹಗುರಾಗುತ್ತದೆ, ಗೀರು-ತೂತಿನ ಮಾತು ಹಾಗೇ ಉಳಿಯುತ್ತದೆ. ತಮಟೆಯಲ್ಲಿ ಮೊದಲೇ ತೂತು ಇರುವವರು, ಕಿವಿ ಸೋರುವವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಹತ್ತಿರವೂ ಹೋಗಬಾರದು.

ಕುಂದಾಪ್ರ_ಕಡೆ: ನಡುವಿನ ದಾರಿ ಇದೆ. ಆರೋಗ್ಯವಂತರಿಗೆ ಆಸೆಯಿದ್ದರೆ ಕಿವಿಯ ಹಾಲೆ, ಹಿಂಭಾಗ, ಹೊರ ಅಂಚು ಇಷ್ಟಕ್ಕೇ ಕಂಪನ ಕೊಡಿಸಿ. ಚಮಚ ಬೇಡ ಎನ್ನಲು ‘ಬು ಯಾವ್’ ಅಂತ ಹೇಳಿ ಕೈ ಅಡ್ಡ ಹಿಡಿದರೆ ಸಾಕು. ಕೂರುವ ಮುಂಚೆ ಒಟ್ಟು ಎಷ್ಟು ಅಂತ ಮೊಬೈಲಿನಲ್ಲಿ ಅಂಕಿ ಬರೆಸಿಕೊಳ್ಳಿ, ಒಂದೊಂದು ಉಪಕರಣಕ್ಕೂ ಬೇರೆ ಲೆಕ್ಕ ಹಾಕಿದರೆ ಆಮೇಲೆ ಜಗಳ. ದುಡ್ಡು ಕೊಡಲು ಅಲಿಪೇ ಎಂಬ ಚೀನಾದ ಪಾವತಿ ಆ್ಯಪ್‌ಗೆ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಊರಲ್ಲೇ ಜೋಡಿಸಿ, ಬ್ಯಾಂಕಿನಲ್ಲಿ ವಿದೇಶಿ ವಹಿವಾಟು ತೆರೆಸಿಕೊಂಡು ಹೋಗಿ. ಸಣ್ಣ ನೋಟೂ ಇರಲಿ.

ಡಾಕ್ಟರ್ ಅಭ್ಯಂತರ ಇದೆಯಾ?

ಕಿವಿಮಾತು_ಇಎನ್‌ಟಿ: ಹೊರಕಿವಿಗೆ ಅಭ್ಯಂತರ ಇಲ್ಲ ಅಕ್ಕ. ನಾಳದೊಳಗೆ ಗರಿಯೂ ಬೇಡ.

ದಾರಿಹೋಕ: ನಾಳದೊಳಗಿನ ಗರಿ ಇಲ್ಲದೆ ಅದು ತ್ಸಾಯ್ ಅರ್ ಆಗುವುದಿಲ್ಲ ಎಂಬ ನನ್ನ ಮಾತು ಹಾಗೇ ಇರಲಿ. ಅಪ್ಪನವರ ವಿಷಯ ಮಾತ್ರ ಡಾಕ್ಟರ್ ಹೇಳಿದ್ದೇ ಸರಿ.

ಎಲೆಚಹಾ: ಪಾರ್ಕಿನಲ್ಲಿ ಇನ್ನೊಂದು ಕಡೆ ಕ್ಯಾಮೆರಾ ಇಳಿಸಬೇಕು. ಮದುವೆ ಮೂಲೆಯಲ್ಲಿ ಹುಡುಗ-ಹುಡುಗಿಯರ ವಿವರದ ಹಾಳೆ ತೂಗುಹಾಕಿರುತ್ತಾರೆ: ಹುಟ್ಟಿದ ವರ್ಷ, ಎತ್ತರ, ಸಂಬಳ, ಮನೆ ಇದೆಯೋ ಇಲ್ಲವೋ. ಮಕ್ಕಳಿಗೆ ತಿಳಿಸದೆ ತಂದೆ-ತಾಯಿ ತಂದಿಟ್ಟ ಹಾಳೆಗಳೂ ಇರುತ್ತವೆ. ಅದರ ಫೋಟೋ ಹಾಕಿದರೆ ಯಾರದೋ ಮಗಳ ಸಂಬಳ ಊರೂರು ತಿರುಗುತ್ತದೆ. ನೋಡಿ, ಓದಿಸಿಕೊಳ್ಳಿ, ತೆಗೆಯಬೇಡಿ. ಗುಂಪು ನೃತ್ಯದವರು ಮಾತ್ರ ಸೇರಿಸಿಕೊಳ್ಳುತ್ತಾರೆ. ಹೊಸಬರು ಕೊನೆಯ ಸಾಲಿನಲ್ಲಿ ನಿಲ್ಲಬೇಕು, ಮುಂದಿನವರ ಕಾಲು ನೋಡಿ ಹೆಜ್ಜೆ ಹಾಕಬೇಕು.

ಹೊರಟವರು_3: ಎಲ್ಲರಿಗೂ ವಂದನೆ. ಅಪ್ಪನ ಕಿವಿ ಬಿಟ್ಟೆವು. ನಾವು ನೃತ್ಯ ನೋಡಲು ಎದ್ದರೆ ಚಹಾ ಜಾಗ ಹೋಗುತ್ತಾ?

ಎಲೆಚಹಾ: ಬಟ್ಟಲಿಗೆ ಮುಚ್ಚಳ ಸರಿಯಾಗಿ ಮುಚ್ಚಿ, ಅದರ ಮೇಲೆ ಒಂದು ಒಣ ಎಲೆಯನ್ನೋ ಕಡಲೆ ಸಿಪ್ಪೆಯನ್ನೋ ಇಟ್ಟು ಹೋಗಿ. ಬರುತ್ತೇವೆ ಎಂದು ಅದರ ಅರ್ಥ. ಆದರೂ ಭಾನುವಾರ ಅದನ್ನು ನಂಬಬೇಡಿ, ಮೂವರಲ್ಲಿ ಒಬ್ಬರು ಕುರ್ಚಿಯಲ್ಲೇ ಕೂತಿರಿ.